ಟೀಚರಮ್ಮನಿಗೂ ಒಂದು ಸಂಘ ಯಾಕೆ ಬೇಕು?

ಶಾಲೆಯ ಬಗ್ಗೆ ಏನಾದರೂ ಬರೆದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತೆ. ಈ ಸಲ ಹೊನ್ನಾಳಿ ಕಡೆಯ ಓದುಗರೊಬ್ಬರು ನೇರವಾಗಿಯೇ ಕೇಳಿದ್ದಾರೆ: "ಸರ್ಕಾರಿ ಸಂಬಳ ಇದೆ, ದಸರಾ ರಜೆ ಇದೆ, ಬೇಸಿಗೆ ರಜೆ ಇದೆ. ಇಷ್ಟೆಲ್ಲ ಇರೋ ನಿಮಗೆ ಸಂಘ ಬೇರೆ ಯಾಕೆ ಮೇಡಂ?" ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಮನೆಯಲ್ಲೇ ನಮ್ಮತ್ತೆ ಇದನ್ನು ವರ್ಷಕ್ಕೆ ಎರಡು ಸಲ ಕೇಳ್ತಾರೆ. ಹಾಗಾಗಿ ಈ ವಾರ ಅದಕ್ಕೇ ಉತ್ತರ.

ಮೊದಲು ಸಣ್ಣ ವಿಷಯ. ಪ್ರಾಥಮಿಕ ಶಾಲೆಯ ಶಿಕ್ಷಕಿ ಒಬ್ಬಂಟಿ ನೌಕರಳು. ಬ್ಯಾಂಕು, ತಾಲ್ಲೂಕು ಕಚೇರಿಗಳಲ್ಲಿ ಒಂದೇ ಸೂರಿನಡಿ ಹತ್ತಾರು ಜನ ಇರ್ತಾರೆ. ನಮ್ಮದು ಹಾಗಲ್ಲ. ಚನ್ನಗಿರಿಯ ಅಡಿಕೆ ತೋಟದ ನಡುವಿನ ಊರಲ್ಲಿ ಇಬ್ಬರು, ಜಗಳೂರಿನ ಬಯಲಿನ ಗೊಲ್ಲರಹಟ್ಟಿಯಲ್ಲಿ ಇಬ್ಬರು, ನ್ಯಾಮತಿ ಕಡೆಯ ತಾಂಡಾದಲ್ಲಿ ಒಬ್ಬರು. ನಮ್ಮ ಸೇವಾ ಪುಸ್ತಕ ಇರೋದು ತಾಲ್ಲೂಕು ಕೇಂದ್ರದಲ್ಲಿ, ನಾವಿರೋದು ಹಳ್ಳಿಯಲ್ಲಿ. ಒಂದು ವೇತನ ಬಡ್ತಿ ನಮೂದಾಗಿಲ್ಲ ಅಂದರೆ, ಕೇಳೋಕೆ ಹೋದ ದಿನ ಶಾಲೆಗೆ ಬೀಗ ಬೀಳುತ್ತೆ ಅಥವಾ ಇನ್ನೊಬ್ಬರ ತಲೆಗೆ ಐದೂ ತರಗತಿ ಬೀಳುತ್ತೆ.

ನನ್ನದೇ ಉದಾಹರಣೆ ಹೇಳ್ತೀನಿ. 20 ವರ್ಷ ಸೇವೆ ಮುಗಿಸಿದವರಿಗೆ ಒಂದು ಹೆಚ್ಚುವರಿ ವೇತನ ಬಡ್ತಿ ಇದೆ. ನನ್ನ ಕಡತ ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ಮಲಗಿತ್ತು. ಕೇಳಿದಾಗಲೆಲ್ಲ "ಮುಂದಿನ ವಾರ ಬನ್ನಿ". ಕೊನೆಗೆ ಸಂಘದವರು ನನ್ನಂಥವರದ್ದೇ ಒಂದು ಪಟ್ಟಿ ಮಾಡಿ, ಎಲ್ಲವನ್ನೂ ಒಟ್ಟಿಗೆ ಒಯ್ದು ಕೊಟ್ಟರು. ಹದಿನೈದು ದಿನದಲ್ಲಿ ಆದೇಶ ಬಂತು. ಯಾರೂ ಕೂಗಾಡಲಿಲ್ಲ, ಧಿಕ್ಕಾರ ಹಾಕಲಿಲ್ಲ. ಒಂದು ಅರ್ಜಿ ಹಿಡಿದು ನಿಂತ ಟೀಚರಿಗೂ, ಒಂದು ಕಟ್ಟು ಅರ್ಜಿ ಹಿಡಿದು ನಿಂತ ಸಂಘಕ್ಕೂ ಇರೋ ವ್ಯತ್ಯಾಸ ಅಷ್ಟೇ. ಕಾಲಮಿತಿ ಬಡ್ತಿ, ವೈದ್ಯಕೀಯ ವೆಚ್ಚದ ಮರುಪಾವತಿ, ಹೆರಿಗೆ ರಜೆಯ ಸಂಬಳ, ಸೇವೆಯಲ್ಲಿದ್ದಾಗಲೇ ತೀರಿಕೊಂಡವರ ಮನೆಯವರಿಗೆ ಅನುಕಂಪದ ನೌಕರಿ, ಹೀಗೆ ಸಂಘದ ಮುಕ್ಕಾಲು ಪಾಲು ಕೆಲಸ ಪೇಪರಿನಲ್ಲಿ ಬರದೇ ಇರುವಂಥದ್ದು.

ಈಗ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ. ನಮ್ಮ ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರಗಳಿವೆ, ಅಲ್ವಾ? 2024ರ ಜೂನ್ 3ರಂದು ಅದಕ್ಕೆ ಚುನಾವಣೆ ನಡೆಯಿತು. ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಒಂದು ಸ್ವಾರಸ್ಯವಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ನೈರುತ್ಯ ಶಿಕ್ಷಕರ ಕ್ಷೇತ್ರಕ್ಕೆ ಸೇರುತ್ತವೆ, ಜಗಳೂರು ಆಗ್ನೇಯಕ್ಕೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಿದ್ದು ಈಚೆಗೆ. ಜಿಲ್ಲೆ ಒಂದಾದರೂ ಆ ಹಳೇ ಗೆರೆ ಮತಪಟ್ಟಿಯಲ್ಲಿ ಇನ್ನೂ ಇದೆ.

ಆದರೆ ನಾನು ಹೇಳಹೊರಟಿದ್ದು ಅದಲ್ಲ. ಈ ಕ್ಷೇತ್ರಗಳಲ್ಲಿ ನಾನು ಮತ ಹಾಕೋ ಹಾಗಿಲ್ಲ! ಸಂವಿಧಾನದ 171ನೇ ವಿಧಿಯ ಪ್ರಕಾರ ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಸಂಸ್ಥೆಗಳಲ್ಲಿ ಪಾಠ ಮಾಡುವವರಿಗೆ ಮಾತ್ರ ಆ ಹಕ್ಕು. ಪದವಿ ಇದ್ದರೆ ಪದವೀಧರ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು, ಆದರೆ ಅದು ಪದವೀಧರೆಯಾಗಿ, ಶಿಕ್ಷಕಿಯಾಗಿ ಅಲ್ಲ. ಅ ಆ ಇ ಈ ತಿದ್ದಿಸಿದವರು 'ಶಿಕ್ಷಕರ ಪ್ರತಿನಿಧಿ'ಯನ್ನು ಆರಿಸುವಂತಿಲ್ಲ. ಹಾಗಿರುವಾಗ ಶಿಕ್ಷಕಿಯಾಗಿ ನನ್ನ ಮಾತನ್ನು ವಿಧಾನಸೌಧದ ಮೆಟ್ಟಿಲವರೆಗೆ ಒಯ್ಯೋರು ಯಾರು? ಸಂಘವೇ ತಾನೆ.

ಕರ್ನಾಟಕ ರಾಜ್ಯ ಪ್ರಾಥಮಿಕ ಶಾಲಾ ಶಿಕ್ಷಕರ ಸಂಘಕ್ಕೆ ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೂರು ಹಂತ. ತಾಲ್ಲೂಕಿನ ಪ್ರತಿನಿಧಿಗಳನ್ನು ನಾವೇ ಮತ ಹಾಕಿ ಆರಿಸ್ತೀವಿ. ಕೆಲವು ವರ್ಷಗಳಿಂದ ಅದರ ದೊಡ್ಡ ಬೇಡಿಕೆ ವೃಂದ ಮತ್ತು ನೇಮಕಾತಿ ನಿಯಮದ್ದು. ನಾವು ಕೆಲಸಕ್ಕೆ ಸೇರಿದ್ದು 1ರಿಂದ 7ನೇ ತರಗತಿಗೆ. ಏಳನೇ ಕ್ಲಾಸಿಗೆ ಗಣಿತ, ವಿಜ್ಞಾನ ಹೇಳಿಕೊಟ್ಟೇ ಅರ್ಧ ಆಯುಷ್ಯ ಕಳೀತು. 2017ರ ನಿಯಮದಲ್ಲಿ ನಮ್ಮನ್ನು 1ರಿಂದ 5ಕ್ಕೆ ಸೀಮಿತ ಮಾಡಿದರು. 6ರಿಂದ 8ಕ್ಕೆ 'ಪದವೀಧರ ಪ್ರಾಥಮಿಕ ಶಿಕ್ಷಕ' ಅನ್ನೋ ಬೇರೆ ವೃಂದವೇ ಬಂತು. 2022ರಲ್ಲಿ ಅಂಥ 15,000 ಹುದ್ದೆಗೆ ಅರ್ಜಿ ಕರೆದರು. ಸೇವೆಯಲ್ಲಿರುವಾಗಲೇ ರಾತ್ರಿ ಓದಿ ಬಿ.ಎ., ಬಿ.ಎಸ್ಸಿ., ಬಿ.ಇಡಿ. ಮುಗಿಸಿದ ನಮ್ಮವರು ಹಾಗೇ ಉಳಿದರು. ಆ ನಿಯಮ ಮೊದಲೇ ಸೇರಿದವರಿಗೆ ಅನ್ವಯ ಆಗಬಾರದು ಅನ್ನೋದು ಬೇಡಿಕೆ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾಜ್ಯದ ಮೂಲೆಮೂಲೆಯ ಶಿಕ್ಷಕರು ಸೇರಿದ್ದು ಮುಖ್ಯವಾಗಿ ಇದಕ್ಕೇ.

ಅದರ ಮೇಲೆ ಈಗ ಟಿಇಟಿ ಬಂದಿದೆ. 2025ರ ಸೆಪ್ಟೆಂಬರ್ 1ರಂದು, ಶಿಕ್ಷಕರ ದಿನಾಚರಣೆಗೆ ನಾಲ್ಕು ದಿನ ಇರುವಾಗ, ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು, ಶಿಕ್ಷಣ ಹಕ್ಕು ಕಾಯ್ದೆ ಬರುವ ಮೊದಲೇ ಸೇರಿದ್ದರೂ ಸರಿ, ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಲೇಬೇಕು. ಇಲ್ಲದಿದ್ದರೆ ಕೆಲಸ ಬಿಡಬೇಕು ಅಥವಾ ಕಡ್ಡಾಯ ನಿವೃತ್ತಿ. ಐದು ವರ್ಷಕ್ಕಿಂತ ಕಡಿಮೆ ಇರುವವರಿಗೆ ವಿನಾಯಿತಿ ಇದೆ, ಆದರೆ ಬಡ್ತಿ ಬೇಕೆಂದರೆ ಅವರೂ ಬರೀಬೇಕು.

ನನಗೆ ಇನ್ನು ಏಳು ವರ್ಷ ಸೇವೆ ಇದೆ. ಟಿಸಿಹೆಚ್ ಓದಿ ಸೇರಿದವಳು ನಾನು, ಆಗ ಟಿಇಟಿ ಅನ್ನೋ ಹೆಸರೇ ಇರಲಿಲ್ಲ. ಅದು ಕನಿಷ್ಠ ಅರ್ಹತೆ ಅಂತ ಬಂದಿದ್ದು 2010ರಲ್ಲಿ. ಒಟ್ಟು 150 ಅಂಕ, ಸಾಮಾನ್ಯ ವರ್ಗದವರಿಗೆ 90 ಬರಬೇಕು. ಪರೀಕ್ಷೆ ಅಂದರೆ ನನಗೆ ಭಯ ಅಂತಲ್ಲ. ಮಕ್ಕಳಿಗೆ ಪರೀಕ್ಷೆ ಮಾಡೋರು ತಾವೂ ಬರೀಲಿ ಅನ್ನೋ ಮಾತಲ್ಲೂ ನ್ಯಾಯ ಇದೆ. ಆದರೆ 25 ವರ್ಷ ಪಾಠ ಮಾಡಿದವಳು ಅರ್ಹಳೋ ಅಲ್ಲವೋ ಅಂತ ಎರಡೂವರೆ ಗಂಟೆಯಲ್ಲಿ ತೀರ್ಮಾನ ಆಗಬೇಕಾ, ಅದರ ಮೇಲೆ ಮನೆಯ ಅನ್ನ ನಿಂತಿರಬೇಕಾ? ನಮ್ಮ ಶಾಲೆಯ ಇನ್ನೊಬ್ಬ ಟೀಚರ್ 2006ರ ಏಪ್ರಿಲ್ ನಂತರ ಸೇರಿದವರು, ಅಂದರೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್. ಅವರ ಪತಿ ಇಲ್ಲ, ಇಬ್ಬರು ಮಕ್ಕಳು ಓದ್ತಿದ್ದಾರೆ. ಈಗ ದಿನಾ ಮಧ್ಯಾಹ್ನ ಊಟದ ಡಬ್ಬಿ ಪಕ್ಕ ಮನೋವಿಜ್ಞಾನದ ಪುಸ್ತಕ ಇಟ್ಟುಕೊಳ್ತಾರೆ. "ನೀವು ಬಿಡಿ ಅಕ್ಕ, ಪಿಂಚಣಿ ಬರುತ್ತೆ" ಅಂದರು ಒಮ್ಮೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಂಥ ವಿಷಯಕ್ಕೆ ಒಬ್ಬೊಬ್ಬರೇ ದೆಹಲಿಯಲ್ಲಿ ವಕೀಲರನ್ನು ಹಿಡಿಯೋಕೆ ಆಗುತ್ತಾ? ಸರ್ಕಾರದ ಮುಂದೆ ಹೋಗಿ, ಸೇವೆಯಲ್ಲಿರುವವರಿಗೆ ತರಬೇತಿ ಕೊಡಿ, ಪ್ರತ್ಯೇಕ ಅವಕಾಶ ಕೊಡಿ, ಕಾಯ್ದೆ ನೋಡಿ ಅಂತ ಕೂತು ಮಾತಾಡೋಕೆ ಒಂದು ಸಂಘಟನೆಯೇ ಬೇಕು.

ಇನ್ನು ಪಾಠ ಬಿಟ್ಟು ಬೇರೆ ಕೆಲಸಗಳ ಮಾತು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಸ್ಪಷ್ಟವಾಗಿದೆ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ಹಚ್ಚಬಾರದು. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೀತಲ್ಲ, ಅದಕ್ಕೆ ಮನೆಮನೆ ಸುತ್ತಿದ್ದು ಬಹುಪಾಲು ನಾವೇ. ಆ್ಯಪ್ ತೆರೆಯೋದಿಲ್ಲ, ನೆಟ್‌ವರ್ಕ್ ಸಿಗೋದಿಲ್ಲ, ಮೀಟರ್ ನಂಬರ್ ಹುಡುಕಿಕೊಂಡು ಊರೆಲ್ಲ ಅಲೆಯಬೇಕು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ಕೆಲಸ ಮುಗಿಯಲಿಲ್ಲ. ಸರ್ಕಾರಿ ಶಾಲೆಗಳ ರಜೆಯನ್ನು 18ರವರೆಗೆ ಎಳೆದರು. ರಜೆ ಸಿಕ್ಕಿತು ಅಂತ ಪಕ್ಕದ ಮನೆಯವರು ಅಂದುಕೊಂಡರು, ನಾವು ಬಿಸಿಲಲ್ಲಿದ್ದೆವು. ಅದಕ್ಕಿಂತ ಹೆಚ್ಚಾಗಿ ಮಕ್ಕಳ ಪಾಠದ ದಿನಗಳು ಹೋದವು, ಅವನ್ನು ಹೆಚ್ಚುವರಿ ತರಗತಿಯಿಂದ ತುಂಬಬೇಕಾಯಿತು. ಖಾಸಗಿ ಶಾಲೆಯ ಮಗುವಿಗೆ ಈ ನಷ್ಟ ಇರಲಿಲ್ಲ, ನಮ್ಮ ಮಗುವಿಗೆ ಮಾತ್ರ ಇತ್ತು. ಮುಂದೆ ಜನಗಣತಿ ಇದೆ, 2027ರ ಫೆಬ್ರವರಿಗೆ ಎಣಿಕೆ. ಅದು ವಾರ್ಷಿಕ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ತಿಂಗಳು. ಟಿಇಟಿಯ ಗಡುವೂ ಅದೇ ವರ್ಷ.

ಹಾಗಂತ ನಮ್ಮ ಸಂಘ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳೋದಿಲ್ಲ. ಶಿಕ್ಷಕರ ದಿನಾಚರಣೆಯ ವೇದಿಕೆ ಮೇಲೆ ಕೂತವರನ್ನು ಒಮ್ಮೆ ಎಣಿಸಿ ನೋಡಿ. ಕೆಳಗೆ ಸೀರೆಗಳೇ ಜಾಸ್ತಿ, ಮೇಲೆ ಪೇಟ, ಶಾಲು, ಷರಟುಗಳೇ ಜಾಸ್ತಿ. ಸಂಘದ ಚುನಾವಣೆ ಬಂದರೆ ಜಾತಿ, ಬಣ, ಊಟ ಎಲ್ಲ ಒಳಗೆ ಬರುತ್ತೆ. ಸಂಘದ ಕೆಲಸ ಅಂತ ಶಾಲೆಗೇ ಬಾರದವರ ಬಗ್ಗೆ ಊರವರು ಮಾತಾಡೋದು ಸುಳ್ಳಲ್ಲ. ನನಗೆ ಇದೆಲ್ಲಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಸಂಬಳ, ಬಡ್ತಿ, ವರ್ಗಾವಣೆಗೆ ಏರುವಷ್ಟು ದನಿ ಶಾಲೆಗಾಗಿ ಏರೋದಿಲ್ಲ.

ಯಾಕೆ ಏರಬೇಕು ಅಂದರೆ, ಲೆಕ್ಕ ಇಲ್ಲಿದೆ. ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ಕ್ಕೆ ಮೂವರು. ಕಾಗದದ ಮೇಲೆ ಇದು ಸರಿಯೇ. ಇಬ್ಬರಲ್ಲಿ ಒಬ್ಬರು ಮೀಟಿಂಗು, ತರಬೇತಿ, ಮೊಟ್ಟೆ-ಹಾಲಿನ ಲೆಕ್ಕ, ಎಸ್‌ಎಟಿಎಸ್ ಎಂಟ್ರಿ ಅಂತ ಹೋದರೆ ಉಳಿದವರು ಒಬ್ಬರೇ. 1ರಿಂದ 3ಕ್ಕೆ ನಲಿ-ಕಲಿ, 4, 5ಕ್ಕೆ ಬೇರೆ ಪಾಠ, ಕೋಣೆ ಎರಡು, ಬಾಯಿ ಒಂದು. ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ ಅಂತ ಅಪ್ಪ ಅಮ್ಮ ಹೊರಟರೆ ಮಕ್ಕಳೂ ಹೊರಡ್ತಾರೆ. ದಾಖಲಾತಿ ಇಳಿದರೆ ಒಬ್ಬ ಟೀಚರ್ 'ಹೆಚ್ಚುವರಿ' ಅನ್ನಿಸಿಕೊಂಡು ಬೇರೆ ಊರಿಗೆ. ಟೀಚರ್ ಇಲ್ಲ ಅಂತ ಉಳಿದ ಮಕ್ಕಳನ್ನು ಹಳದಿ ವ್ಯಾನು ಹತ್ತಿಸ್ತಾರೆ. ಮಕ್ಕಳಿಲ್ಲ ಅಂತ ಇನ್ನೊಬ್ಬ ಟೀಚರ್ ಹೋಗ್ತಾರೆ. ಶಾಲೆ ಮುಚ್ಚೋದು ಒಂದು ಆದೇಶದಿಂದ ಅಲ್ಲ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು. ಸಂಘ ಎದ್ದು ನಿಲ್ಲಬೇಕಾದ್ದು ಮೊದಲ ಮೆಟ್ಟಿಲಲ್ಲೇ. ಶಾಲೆಯೇ ಇಲ್ಲದ ಮೇಲೆ ಬಡ್ತಿ ತಗೊಂಡು ಎಲ್ಲಿಗೆ ಹೋಗೋದು?

ಇದರಲ್ಲಿ ನಿಮ್ಮ ಪಾಲೂ ಇದೆ. ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ, ಪೋಷಕರದ್ದು. ಸಭೆ ಕರೆದಾಗ ಸಹಿ ಹಾಕಿ ಎದ್ದು ಹೋಗಬೇಡಿ. ಈ ವರ್ಷ ನಮ್ಮ ಟೀಚರ್ ಎಷ್ಟು ದಿನ ಬೇರೆ ಕೆಲಸಕ್ಕೆ ಹೋದರು, ಖಾಲಿ ಹುದ್ದೆ ಎಷ್ಟು, ಯಾವತ್ತಿನಿಂದ ಖಾಲಿ, ಇದನ್ನು ಕೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿ ಶಿಕ್ಷಣಾಧಿಕಾರಿಗೆ ಕಳಿಸಿ. ನಿಮ್ಮ ತಾಲ್ಲೂಕಿನ ಶಿಕ್ಷಕರ ಸಂಘದ ಅಧ್ಯಕ್ಷರಿಗೂ ಒಂದು ಪ್ರತಿ ಕೊಡಿ. ಟೀಚರ್ ಕೇಳಿದರೆ ಸ್ವಾರ್ಥ ಅಂತಾರೆ, ಪೋಷಕರು ಕೇಳಿದರೆ ಮಾತಾಡಿಸಲೇಬೇಕಾಗುತ್ತೆ. ಇಬ್ಬರೂ ಸೇರಿ ಕೇಳಿದರೆ ಇನ್ನೂ ಒಳ್ಳೇದು.

ಹೊನ್ನಾಳಿಯ ಓದುಗರೇ, ನಿಮ್ಮ ಪ್ರಶ್ನೆಗೆ ಇದು ನನ್ನ ಉತ್ತರ. ಜೂನ್‌ನಲ್ಲಿ ನಿಮ್ಮೂರ ಶಾಲೆಯಲ್ಲಿ ದಾಖಲಾತಿ ಶುರುವಾಗುತ್ತಲ್ಲ, ಆಗೊಮ್ಮೆ ಒಳಗೆ ಹೋಗಿ ಬನ್ನಿ. ಎಷ್ಟು ತರಗತಿಗೆ ಎಷ್ಟು ಟೀಚರ್ ಇದ್ದಾರೆ ಅಂತ ನೋಡಿ ನನಗೆ ಬರೆಯಿರಿ.