ಹಿತ್ತಲಿನ ಸ್ವದೇಶಿ

1950ರಲ್ಲಿ ಶ್ರೀ ಕನ್ಹಯ್ಯಾಲಾಲ ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಗಿಡ ನೆಡುವದು ರಾಷ್ಟ್ರಕಾರ್ಯವೆನಿಸಿದೆ. ಆದರೆ ಯಾವ ಗಿಡವನ್ನು ನೆಡಬೇಕೆಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವದು ವಿರಳ.

ದೊಡವಾಡ, ಬೈಲಹೊಂಗಲಗಳ ಕಡೆಯ ಎರೆಭೂಮಿಗೆ ಬೇವು, ಬನ್ನಿ, ಅತ್ತಿ, ಎಕ್ಕೆ, ತಂಗಡಿಗಳು ಹಳೆಯ ನಂಟರು. ಹೊಸ ಮನೆಗಳ ಅಂಗಳದಲ್ಲಿ ಹಲವೆಡೆ ಇವುಗಳ ಸ್ಥಾನಕ್ಕೆ ದೂರದೇಶದ ಅಲಂಕಾರದ ಗಿಡಗಳು ಬಂದಿವೆ. ನೋಟಕ್ಕೆ ಅವು ಚೆಲುವಾಗಿದ್ದರೂ ಇಲ್ಲಿಯ ಜೀವಿಗಳಿಗೆ ಅವುಗಳಿಂದ ಉಣಿಸು ದೊರೆಯುವದು ಅತ್ಯಲ್ಪ. ಪಾತರಗಿತ್ತಿಗೆ ಹೂವಿನ ಮಕರಂದವೊಂದೇ ಸಾಲದು. ಅದರ ಮರಿಹುಳಕ್ಕೆ ತನಗೊಗ್ಗಿದ ಎಲೆಯೇ ಬೇಕು. ಕರಿಬೇವಿನ ಮೇಲೆ ಬೆಳೆಯುವ ಹುಳು ಬೇರೆ, ಎಕ್ಕೆಯೆಲೆಯನ್ನು ತಿನ್ನುವ ಹುಳು ಬೇರೆ. ಕಾಳು ತಿನ್ನುವ ಗುಬ್ಬಿಯೂ ಮರಿಗಳಿಗೆ ಉಣಿಸುವದು ಹುಳುಗಳನ್ನೇ. ಎಲೆ ಹೋದರೆ ಹುಳು ಹೋಯಿತು. ಹುಳು ಹೋದರೆ ಗುಬ್ಬಿಯ ಗೂಡು ಬರಿದಾಯಿತು.

ಪರದೇಶದ ಗಿಡವೆಲ್ಲ ಶತ್ರುವೆಂದು ನಾವು ಹೇಳುವದಿಲ್ಲ. ಪೇರಲ, ಮೆಣಸಿನಕಾಯಿಗಳೂ ಕಡಲಾಚೆಯಿಂದ ಬಂದವುಗಳೇ. ಆದರೆ ಅಲಂಕಾರಕ್ಕೆಂದು ತಂದ ಲಂಟಾನವು ಕಾಡುಗಳನ್ನು ಕವಿದುದನ್ನೂ, ಬಳ್ಳಾರಿ ಜಾಲಿಯು ಹುಲ್ಲುಗಾವಲುಗಳನ್ನು ಆಕ್ರಮಿಸಿದುದನ್ನೂ ಮರೆಯಲಾಗದು. ಅತಿಥಿಯು ಮನೆಯ ಯಜಮಾನನಾಗಬಾರದು.

ಅಧಿಕಾರಿಗಳು ತಮ್ಮ ಕಚೇರಿಗಳ ಆವರಣದಲ್ಲಿಯೇ ಮೇಲ್ಪಂಕ್ತಿ ಹಾಕಲಿ. ಸರಕಾರದ ಸಸ್ಯಕ್ಷೇತ್ರಗಳು ಅತ್ತಿ, ಬನ್ನಿಗಳ ಸಸಿಗಳನ್ನು ಧಾರಾಳವಾಗಿ ಒದಗಿಸಲಿ. ಗೃಹಸ್ಥರು ಹಿತ್ತಲಲ್ಲಿ ಒಂದು ಕರಿಬೇವನ್ನು, ಬೇಲಿಯಲ್ಲಿ ಒಂದು ತಂಗಡಿಯನ್ನು ಬೆಳೆಸಲಿ. ನಾಲ್ಕು ಎಲೆ ತೂತಾದವೆಂದು ವಿಷ ಸಿಂಪಡಿಸದಿರಲಿ. ದಸರೆಯಂದು ಬನ್ನಿಯೆಲೆಯನ್ನು ಬಂಗಾರವೆಂದು ಕೈಯಿಂದ ಕೈಗೆ ಕೊಡುವ ಜನ ನಾವು. ಕೊಯ್ಯಲು ಮಾತ್ರ ಬನ್ನಿ ಬೇಕು, ನೆಡಲು ಬೇಡವೆಂದರೆ ಆ ಬಂಗಾರಕ್ಕೆ ಬೆಲೆಯೆಲ್ಲಿ?