ಯಾರ ಸ್ವಾತಂತ್ರ್ಯ?

ಟೆಕ್ಸಾಸಿನ ಕಥೆ ಮರದ ದಿಮ್ಮಿಯ ಗುಡಿಸಲು, ಮೆಕ್ಕೆಜೋಳದ ರೊಟ್ಟಿ, ಬೆವರು ಸುರಿಸಿದ ವಲಸಿಗರಿಂದ ಶುರುವಾಗುತ್ತದೆ. ಆ ಕಷ್ಟ ಸುಳ್ಳಲ್ಲ. ಆದರೆ ನೆಲ ಕೊಟ್ಟದ್ದು ಮೆಕ್ಸಿಕೋ: ದನ ಸಾಕುವ ಕುಟುಂಬಕ್ಕೆ 4,428 ಎಕರೆ. ಬೆವರೂ ಎಲ್ಲ ಅವರದೇ ಅಲ್ಲ. 1825ರಲ್ಲಿ ಸ್ಟೀಫನ್ ಆಸ್ಟಿನ್ನನ ವಸಾಹತಿನಲ್ಲಿದ್ದ ಸುಮಾರು 1,800 ಜನರಲ್ಲಿ 443 ಮಂದಿ ಗುಲಾಮರು.

1829ರಲ್ಲಿ ಮೆಕ್ಸಿಕೋ ಗುಲಾಮಗಿರಿಯನ್ನು ರದ್ದು ಮಾಡಿತು; ಟೆಕ್ಸಾಸಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಕೂಲಿ ಕರಾರೆಂಬ ಹೆಸರಿಟ್ಟು ಮನುಷ್ಯರನ್ನು 99 ವರ್ಷಕ್ಕೆ ಕಟ್ಟಿಹಾಕಿದವರೂ ಇದ್ದರು.

ಸಾಂತಾ ಅನ್ನಾನ ದರ್ಪವೇ ದಂಗೆಗೆ ಕಾರಣ ಎನ್ನುತ್ತಾರೆ. ದರ್ಪವಿತ್ತು, ನಿಜ. ಆದರೆ ಗೆದ್ದವರು 1836ರಲ್ಲಿ ಬರೆದುಕೊಂಡ ಸಂವಿಧಾನವನ್ನೂ ಓದಬೇಕು. ಅದು ಗುಲಾಮಗಿರಿಯನ್ನು ಕಾಪಾಡಿತು. ಸಂಸತ್ತಿನ ಅಪ್ಪಣೆಯಿಲ್ಲದೆ ಸ್ವತಂತ್ರ ಕರಿಯರು ಅಲ್ಲಿ ಕಾಯಂ ನೆಲೆಸುವಂತಿರಲಿಲ್ಲ. ಅದನ್ನು ಬಿಟ್ಟು ಹೇಳುವ ಸ್ವಾತಂತ್ರ್ಯದ ಕಥೆ ಒಡೆಯರ ಕಥೆ, ಅಷ್ಟೇ.