ಆಟದ ಯಂತ್ರದ ಸ್ಮೃತಿಯೂ ಸಂಗ್ರಹವೂ

ಆಟದ ಯಂತ್ರದ ನೆನಪನ್ನು ಗಣಕಯಂತ್ರದ ಬಿಡಿಭಾಗಗಳಿಂದ ಹೆಚ್ಚಿಸಬಹುದೆ ಎಂದು ಇಂದಿನ ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುವರು. ವ್ಯಾಕರಣ ಓದಿದವನಿಗೆ ಇದರಲ್ಲೇನು ಕೆಲಸವೆಂದು ಕೆಲವರು ನಗಬಹುದು. ಆದರೆ ಇಲ್ಲಿಯ ತೊಡಕು ಅರ್ಧಕ್ಕರ್ಧ ಶಬ್ದದ್ದೇ ಆಗಿದೆ. ‘ಸೈಂಧವವನ್ನು ತಾ’ ಎಂದರೆ ಊಟಕ್ಕೆ ಕುಳಿತವನಿಗೆ ಉಪ್ಪು, ಪ್ರಯಾಣಕ್ಕೆ ಹೊರಟವನಿಗೆ ಕುದುರೆ ಎಂಬುದು ಶಾಸ್ತ್ರಕಾರರ ಹಳೆಯ ಉದಾಹರಣೆ. ‘ಮೆಮರಿ’ ಎಂಬ ಮಾತೂ ಅಂತಹುದೇ. ಸೈಂಧವದಲ್ಲಿ ತಪ್ಪಿದರೆ ನಗೆಪಾಟಲು. ಇದರಲ್ಲಿ ತಪ್ಪಿದರೆ ತಂದೆತಾಯಿಯರ ಸಾವಿರಾರು ರೂಪಾಯಿ ನಷ್ಟ.

ಒಂದು, ಆಡುವ ಹೊತ್ತಿಗೆ ಬೇಕಾದುದನ್ನು ಮುಂದೆ ಹರಡಿಕೊಳ್ಳುವ ಸ್ಥಳ. ಅದು ‘ರ‍್ಯಾಮ್’, ನಮ್ಮ ವ್ಯಾಸಪೀಠವಿದ್ದಂತೆ. ಇನ್ನೊಂದು, ಎಲ್ಲವನ್ನೂ ಕೂಡಿಡುವ ಗ್ರಂಥಭಂಡಾರ. ಮೊದಲನೆಯದನ್ನು ನಾನು ಸ್ಮೃತಿಯೆಂದೂ ಎರಡನೆಯದನ್ನು ಸಂಗ್ರಹವೆಂದೂ ಕರೆಯುವೆನು.

ಸ್ಮೃತಿಯನ್ನು ಹೆಚ್ಚಿಸಲಾಗದು. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ 16 ಗಿಗಾಬೈಟ್ ಸ್ಮೃತಿಯಿದೆ. ಆ ಚಿಪ್ಪುಗಳನ್ನು ಮೂಲ ಫಲಕಕ್ಕೇ ಬೆಸೆದಿದ್ದಾರೆ. ಗಣಕದ ಪಟ್ಟಿಯನ್ನು ಸಿಕ್ಕಿಸಲು ಅಲ್ಲಿ ಗಾಡಿಯೇ ಇಲ್ಲ, ಜಾತಿಯೂ ಬೇರೆ. ಹೇಗಾದರೂ ಸೇರಿಸಿದರೋ? 2001ರ ಮೊದಲ ಎಕ್ಸ್‌ಬಾಕ್ಸ್ ಇದಕ್ಕೆ ಉತ್ತರ ಹೇಳುತ್ತದೆ. ಅದರಲ್ಲಿದ್ದುದು 64 ಮೆಗಾಬೈಟ್. ಫಲಕದಲ್ಲಿ ಇನ್ನಷ್ಟು ಚಿಪ್ಪುಗಳಿಗೆ ತೆರಪು ಉಳಿದಿತ್ತು. ಕುಶಲಿಗಳಾದ ಹವ್ಯಾಸಿಗಳು ಅಲ್ಲಿ ಚಿಪ್ಪುಗಳನ್ನು ಬೆಸೆದು 128 ಮಾಡಿದರು. ಅವರು ತಾವೇ ರಚಿಸಿಕೊಂಡ ಕಾರ್ಯಕ್ರಮಗಳಿಗೆ ಅದು ಒದಗಿತು. ಅಂಗಡಿಯಿಂದ ತಂದ ಆಟಗಳಿಗೆ ಏನೂ ಆಗಲಿಲ್ಲ. ಭಾಮಿನಿ ಷಟ್ಪದಿಯನ್ನು ಅಗಲವಾದ ಕಾಗದದ ಮೇಲೆ ಬರೆದರೆ ಮಾತ್ರೆ ಹೆಚ್ಚುವುದುಂಟೆ? ಆಟವನ್ನು ಕಟ್ಟಿದವರು 64ರ ಅಳತೆಗೇ ಕಟ್ಟಿದ್ದರು. ಎಲ್ಲ ಮನೆಗಳಲ್ಲಿಯೂ ಯಂತ್ರ ಒಂದೇ ಅಳತೆಯದಾಗಿರುವುದು ಅವರಿಗೆ ಅನುಕೂಲವೇ ಸರಿ. ಆದುದರಿಂದ ಈ ಬೆಸುಗೆಯನ್ನು ನಾನು ದೂಷಿಸಲಾರೆ. ತಯಾರಕರೇ ಒಪ್ಪಿ ಮಾಡಿದಲ್ಲಿ ಮಾತು ಬೇರೆ. ನಿಂಟೆಂಡೊ 64ಕ್ಕೆ 1998ರಲ್ಲಿ ಬಂದ ತುಂಡು 4 ಮೆಗಾಬೈಟನ್ನು 8 ಮಾಡಿತು. 1999ರ ಡಾಂಕಿ ಕಾಂಗ್ 64 ಅದಿಲ್ಲದೆ ನಡೆಯುತ್ತಿರಲಿಲ್ಲ. ಅದಾದರೂ ಅವರದೇ ತುಂಡು, ಗಣಕದ್ದಲ್ಲ.

ಸಂಗ್ರಹದ ವಿಷಯದಲ್ಲಿ ಮಾತ್ರ ನನ್ನ ತಕರಾರುಂಟು. ಪ್ಲೇಸ್ಟೇಷನ್ 3 ಮತ್ತು 4ರಲ್ಲಿ ಮಡಿಲಗಣಕದ ಎರಡೂವರೆ ಅಂಗುಲದ ಡಿಸ್ಕನ್ನೇ ಮನೆಯಲ್ಲಿ ಬದಲಿಸಬಹುದಿತ್ತು. ಐದನೆಯದರಲ್ಲಿಯೂ, 2021ರ ಸೆಪ್ಟೆಂಬರಿನಿಂದ, ಗಣಕಕ್ಕೆ ಹಾಕುವ ಎಂ.2 ಮಾದರಿಯ ಎಸ್‌ಎಸ್‌ಡಿಯನ್ನು ಕೂರಿಸಬಹುದು. ಅದು ಸೆಕೆಂಡಿಗೆ 5500 ಮೆಗಾಬೈಟ್ ಓದುವಷ್ಟು ವೇಗದ್ದಿರಬೇಕೆಂದು ಸೋನಿಯವರ ಶಿಫಾರಸು, ಶಾಖ ಕಳೆಯುವ ಲೋಹದ ಹೊದಿಕೆಯೂ ಬೇಕು. ಯುಎಸ್‌ಬಿಯಲ್ಲಿ ಜೋಡಿಸಿದ ಹೊರಗಿನ ಡಿಸ್ಕಿನಲ್ಲಿ ಈ ಯಂತ್ರದ ಆಟಗಳನ್ನು ಇಡಬಹುದೇ ಹೊರತು ಅಲ್ಲಿಂದಲೇ ಆಡಲು ಬಾರದು. ಇದು ಮೆಚ್ಚತಕ್ಕ ವ್ಯವಸ್ಥೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನವರು ಹಿಂಬದಿಯಲ್ಲಿ ಗಾಡಿಯನ್ನಿಟ್ಟರೂ ಅದಕ್ಕೆ ತಮ್ಮದೇ ಆಕಾರದ ಕಾರ್ಡು ಬೇಕೆಂದರು. ಪೇಟೆಯಲ್ಲಿ ಸಾಮಾನ್ಯ ಬೀಗ ದೊರೆಯುವಾಗ, ನಮ್ಮ ಬಾಗಿಲಿಗೆ ನಮ್ಮ ಬೀಗವೇ ಆಗಬೇಕೆಂಬ ಈ ಹಟ ವ್ಯಾಪಾರಕ್ಕೆ ಒಳ್ಳೆಯದಿರಬಹುದು, ಕೊಳ್ಳುವವನಿಗಲ್ಲ. ಹಣ ತೆತ್ತು ತಂದ ವಸ್ತುವಿನ ಭಂಡಾರವನ್ನು ಹಿಗ್ಗಿಸುವ ಸ್ವಾತಂತ್ರ್ಯ ತಂದವನಿಗೆ ಇರಲೇಬೇಕು.

ನಿಂಟೆಂಡೊ ಸ್ವಿಚ್ ಇನ್ನೂ ಸುಲಭ. ಮೊಬೈಲಿನ ಸಣ್ಣ ಮೈಕ್ರೊಎಸ್‌ಡಿ ಕಾರ್ಡೇ ಅದಕ್ಕೆ ಸಾಕು. ಆದರೆ 2025ರ ಸ್ವಿಚ್ 2ರಲ್ಲಿ ಆಟಗಳನ್ನಿಡಲು ‘ಎಕ್ಸ್‌ಪ್ರೆಸ್’ ಎಂದು ನಮೂದಿಸಿದ ಕಾರ್ಡೇ ಆಗಬೇಕು. ಮನೆಯಲ್ಲಿರುವ ಹಳೆಯ ಕಾರ್ಡು ಅದರ ಗಾಡಿಯಲ್ಲಿ ಹಿಡಿಸಿದರೂ ಆಟಕ್ಕೆ ಒದಗದು.